ಹಗೇವಿಗೆ ಇಳಿದವನು

"ತಾಯಿ, ಕೆಡುಕರನ್ನು ಹಿಡಿಯಲು ಕೆಡುಕರ ವೇಷ ಹಾಕಿ ಹೋದವನು ಅವರು ಕೊಟ್ಟ ಅಮಲಿನ ಪುಡಿಯನ್ನೂ ಸೇದಿದರೆ, ಅವನು ನಮ್ಮವನೋ ಅವರವನೋ?"

ಕೇಳಿದ ಶಿಷ್ಯ ಪೊಲೀಸ್ ಅಧಿಕಾರಿ. ಮಾದಕ ವಸ್ತು ಮಾರುವವರ ನಡುವೆ ಗುಟ್ಟಾಗಿ ಬದುಕುವ ಪೊಲೀಸರಿಗೆ ನಿಯಮ ಬರೆಯುವ ಕೆಲಸ ಅವನ ಪಾಲಿಗೆ ಬಂದಿತ್ತು. ಸೇದಲೇಬಾರದು ಎಂದು ಬರೆದರೆ, ಬೇಡವೆಂದವನನ್ನು ಆ ಜನ ಅಲ್ಲಿಯೇ ಗುರುತು ಹಿಡಿದು ಕೊಲ್ಲುತ್ತಾರೆ. ಸೇದಬಹುದು ಎಂದು ಬರೆದರೆ, ಹೋದವರು ಅಲ್ಲಿಯೇ ಉಳಿದುಬಿಡುತ್ತಾರೆ. ಈ ನಡುವೆ ಅವನ ಕೈಕೆಳಗಿನ ಒಬ್ಬ ಕಾನ್‌ಸ್ಟೇಬಲ್ ತಾನಾಗಿಯೇ ಬಂದು, 'ಸಾರ್, ಕತ್ತಿಗೆ ಚಾಕು ಹಿಡಿದರು, ಸೇದಿದೆ. ಆಮೇಲೆ ಯಾರೂ ಹಿಡಿಯದಿದ್ದರೂ ಸೇದಿದೆ' ಎಂದು ಒಪ್ಪಿಕೊಂಡಿದ್ದ. ಅವನನ್ನು ಕೆಲಸದಿಂದ ತೆಗೆಯುವುದೋ ಉಳಿಸಿಕೊಳ್ಳುವುದೋ ತಿಳಿಯದೆ ಅಧಿಕಾರಿ, 'ಮನೆಯಲ್ಲಿರು, ಹೇಳಿ ಕಳಿಸುತ್ತೇನೆ' ಎಂದಿದ್ದ.

ಗುರುತಾಯಿ ಬಿಜಾಪುರದ ಕಡೆಯಿಂದ ಮೈಸೂರು ಸೀಮೆಗೆ ಬಂದು ಐವತ್ತು ವರ್ಷವಾಗಿತ್ತು. ಹೇಳಲು ಹೊರಟವರು ಮೊದಲ ಮಾತಿಗೇ ತಡವರಿಸಿದರು. "ನಮ್ಮ ಕಡೆ ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿಡುವ ಗುಂಡಿ... ಹಗ... ಹಗೆ... ಹಾಂ, ಹಗೇವು. ಹಗೇವಿನ ಕತೆ ಕೇಳು ತಮ್ಮಾ."

ಒಬ್ಬ ವ್ಯಾಪಾರಿಗೆ ಎರಡಾಳು ಆಳದ ಹಗೇವಿತ್ತು. ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಒಂದು ಹಗಲು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಆಳು ಇಳಿಯಬೇಕು. ಆದರೂ ಕಾಳು ಕೆದಕಿದಂತೆಲ್ಲ ತಳದಿಂದ ಕೆಟ್ಟ ಗಾಳಿ ಏಳುತ್ತದೆ. ಉಸಿರಾಡದೆ ಕೆಲಸ ಮಾಡುವವರು ಯಾರಿದ್ದಾರೆ? ಅದಕ್ಕೇ ಇಳಿದವನ ಸೊಂಟಕ್ಕೆ ಹಗ್ಗ. ಮೇಲಿನವರು ಕೂಗುತ್ತಿರಬೇಕು, ಕೆಳಗಿನವನು ಓಗೊಡುತ್ತಿರಬೇಕು.

ಒಂದು ವರ್ಷ ಇಬ್ಬರು ಆಳುಗಳು ತಲೆ ಸುತ್ತಿತೆಂದು ಬೇಗ ಮೇಲೆ ಬಂದರು. ವ್ಯಾಪಾರಿ ಅದನ್ನು ಸೋಮಾರಿತನವೆಂದುಕೊಂಡ. 'ತಲೆ ಸುತ್ತಿತು ಎಂದವನು ನಾಳೆಯಿಂದ ನನ್ನ ಅಂಗಳಕ್ಕೆ ಕಾಲಿಡಬಾರದು' ಎಂದು ಕಟ್ಟಳೆ ಮಾಡಿದ. ಅಂದಿನಿಂದ ಯಾರಿಗೂ ತಲೆ ಸುತ್ತಲಿಲ್ಲ. ವ್ಯಾಪಾರಿ ಹಿಗ್ಗಿದ.

ಮರುವರ್ಷ ಒಬ್ಬ ಆಳು ಇಳಿದ. ಹಗ್ಗ ಅವನ ಹೆಂಡತಿಯ ಕೈಯಲ್ಲಿತ್ತು. ಆಕೆ ಕೂಗಿದಾಗಲೆಲ್ಲ 'ಆರಾಮ' ಎಂದ. ನಾಲ್ಕನೆಯ 'ಆರಾಮ' ತಡವಾಗಿ ಬಂತು. ಆಕೆ ಜನರನ್ನು ಕರೆದು ಎಳೆಸಿದಳು. ಮೇಲೆ ಬಂದಾಗ ಅವನಿಗೆ ಎಚ್ಚರವಿರಲಿಲ್ಲ. ನೀರು ಚಿಮುಕಿಸಿ ಗಾಳಿ ಬೀಸಿದ ಮೇಲೆ ಕಣ್ಣು ಬಿಟ್ಟ.

'ನಾಟಕ ಮಾಡ್ತಾನ' ಎಂದ ವ್ಯಾಪಾರಿ.

'ಹಂಗಾದ್ರ ನೀವ ಇಳೀರಿ ಧಣೇರ' ಎಂದಳು ಆಕೆ.

ಹತ್ತು ಜನರ ಎದುರು ಹಿಂದೆ ಸರಿಯಲಾಗದೆ ವ್ಯಾಪಾರಿ ಹಗ್ಗ ಕಟ್ಟಿಕೊಂಡು ಇಳಿದ. ಎರಡು ಬುಟ್ಟಿ ತುಂಬುವಷ್ಟರಲ್ಲಿ ಅವನ ಕಣ್ಣು ಮಂಜಾಯಿತು, ತಲೆ ಸುತ್ತತೊಡಗಿತು.

'ಧಣೇರ, ತಲಿ ತಿರಗತೈತೇನ್ರಿ?' ಎಂದು ಆಕೆ ಮೇಲಿನಿಂದ ಕೇಳಿದಳು.

ಕಟ್ಟಳೆ ಮಾಡಿದ ಬಾಯಿ ಅದು. 'ಇಲ್ಲ, ಆರಾಮ' ಎಂದಿತು.

ಆಕೆ ಆ ಮಾತನ್ನು ನಂಬದೆ ಹಗ್ಗ ಎಳೆಸಿದಳು.

ಅಂಗಳದಲ್ಲಿ ಬಿದ್ದುಕೊಂಡು ಉಸಿರು ಸುಧಾರಿಸಿಕೊಂಡ ವ್ಯಾಪಾರಿ ಹೊಸ ಕಟ್ಟಳೆ ಹೇಳಿದ. ತಲೆ ಸುತ್ತಿದ ಕೂಡಲೇ ಕೂಗಬೇಕು. ಕೂಗಿದವನನ್ನು ಯಾಕೆ, ಏನು ಎನ್ನದೆ ಎಳೆಯಬೇಕು. ತಲೆ ಪೂರ್ತಿ ತಿಳಿಯಾಗುವವರೆಗೆ ಅವನು ಎಷ್ಟು ಬೇಡಿದರೂ ಮತ್ತೆ ಇಳಿಸಬಾರದು. ಕೂಗದೆ ಮುಚ್ಚಿಟ್ಟವನಿಗೆ ಮಾತ್ರ ಆ ಹಗೇವಿನಲ್ಲಿ ಕೆಲಸವಿಲ್ಲ. ಆಮೇಲೆ ಆ ಅಂಗಳದಲ್ಲಿ ಬಹಳ ಸಲ ಕೂಗು ಕೇಳಿಸಿತು. ಒಂದು ಹೆಣವೂ ಮೇಲೆ ಬರಲಿಲ್ಲ.

ಕತೆ ಕೇಳಿದ ಅಧಿಕಾರಿಯ ಮುಖ ಅರಳಿತು. "ಹೀಗೆಯೇ ಬರೆಯುತ್ತೇನೆ ತಾಯಿ. ಮೇಲಿನವರ ಸಹಿ ಬೀಳಲಿ, ಆ ಹುಡುಗನನ್ನು ಕರೆಸಿ ಆಸ್ಪತ್ರೆಗೂ ಸೇರಿಸುತ್ತೇನೆ" ಎಂದ.

ಗುರುತಾಯಿ ಕೇಳಿದರು:

"ಅವನು ಕೂಗಿ ಎಷ್ಟು ದಿನವಾಯಿತು, ತಮ್ಮಾ?"