ರಾಚೋಟಪ್ಪ ಮಾಸ್ತರರ ಮಣ್ಣಿನ ರುಮಾಲು

ಭಾಳ ಹಿಂದಿನ ಮಾತು. ಹೊಳೆಯ ದಂಡೆಗೆ ಹೊಳಿಮಡಗಿ ಅಂತ ಒಂದು ಊರು, ಊರಿಗೊಂದು ಕಾಲೇಜು, ಕಾಲೇಜಿಗೊಂದು ಫುಟ್‌ಬಾಲ್ ತಂಡ. ಸುತ್ತಿನ ಸೀಮೆಯೊಳಗೆ ಅಂಥ ಕಾಲು ಯಾರಿಗೂ ಇರಲಿಲ್ಲ ಅಂತಾರೆ. ಈಗಲೂ ಇಲ್ಲ, ಬೇಕಾದವರು ಬಂದು ಆಡಿ ನೋಡಲಿ.

ಆ ತಂಡ ಕಟ್ಟಿದವರು ರಾಚೋಟಪ್ಪ ಮಾಸ್ತರರು. ಮೊದಲು ಪೈಲ್ವಾನರು. ಬೆನ್ನಿಗೆ ಮಣ್ಣು ಹತ್ತದೇ ಗರಡಿ ಬಿಟ್ಟವರು. ಅದಕ್ಕೇ ಊರವರು ಅವರಿಗೆ ಹಳದಿ ರುಮಾಲು ಸುತ್ತಿದರು ಅಂತಾರೆ. ಹೊಳೆ ಇಳಿದ ಕೂಡಲೇ ಹುಡುಗರನ್ನು ಉಸುಕಿನಲ್ಲಿ ಓಡಿಸೋರು. ಸುಗ್ಗಿ ಹೊತ್ತಿಗೆ ಗೆದ್ದ ಢಾಲು ಊರಿಗೆ ಬರೋದು. ಹಂಗಾಮು ಹೋಗಿ ಹಂಗಾಮು ಬಂತು, ಢಾಲು ಬರೋದು ತಪ್ಪಲಿಲ್ಲ. ಮಾಸ್ತರರದು ಒಂದೇ ಕಟ್ಟಳೆ, ಅದೂ ಗರಡಿಯದು: ಗೆದ್ದವನು ಸೋತವನನ್ನು ಎಬ್ಬಿಸಿ, ಅವನ ಬೆನ್ನಿನ ಮಣ್ಣನ್ನು ಕೈಯಾರೆ ಒರೆಸಬೇಕು.

ಲಗಮಣ್ಣ ಕ್ಯಾಪ್ಟನ್ ಆದ ವರ್ಷ ನಾಗರಗಾವಿಯವರ ಮೇಲೆ ಕೊನೇ ಆಟ. ಅಕಾಲದ ಮಳೆಗೆ ಮೈದಾನ ಕೆಸರಾಗಿತ್ತು. ಲಗಮಣ್ಣ ಹೊಡೆದ ಚೆಂಡಿಗೆ ಜಿಗಿದ ಅವರ ಗೋಲ್‌ಕೀಪರ್ ಅಡಿವೆಪ್ಪ ಅಂಗಾತ ಬಿದ್ದ. ಚೆಂಡು ಒಳಗೆ ಹೋಯಿತು, ಆಟ ಮುಗಿಯಿತು. ಲಗಮಣ್ಣ ಅವನ ಮೇಲೆ ಬಗ್ಗಿದ.

"ಮಣ್ಣು ಹಂಗೇ ಇರಲಿ ತಮ್ಮಾ. ಮನೀಗಿ ಹೋಗಿ ನಿಮ್ಮವ್ವಗ ತೋರಸಾಕ ಬೇಕಲ್ಲ."

ಹುಡುಗರೆಲ್ಲ ನಕ್ಕರು. ಯಾರೂ ಯಾರ ಬೆನ್ನನ್ನೂ ಒರೆಸಲಿಲ್ಲ.

ಮಾಸ್ತರರು ಮೈದಾನದೊಳಗೆ ಬಂದರು. ತಲೆಯ ರುಮಾಲು ಬಿಚ್ಚಿದರು. ಕೆಸರಿನಲ್ಲಿ ಮೊಣಕಾಲೂರಿ ಅಡಿವೆಪ್ಪನ ಬೆನ್ನು ಒರೆಸಿದರು. ಆಮೇಲೆ ನಾಗರಗಾವಿಯ ಒಬ್ಬೊಬ್ಬನ ಬೆನ್ನೂ ಒರೆಸಿದರು. ಅದೇ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡು ಮೆರವಣಿಗೆಯ ಮುಂದೆ ನಡೆದರು. ಊರ ಅಗಸಿ ಬಾಗಿಲು ಮುಟ್ಟೋದರೊಳಗೆ, ಗೆದ್ದ ಖುಷಿಗೆ ಬಾರಿಸುತ್ತಿದ್ದ ಹಲಗೆಯ ಸದ್ದು ತಾನಾಗೇ ನಿಂತಿತ್ತು. ಲಗಮಣ್ಣ ಢಾಲನ್ನು ಅಂಗಿಯೊಳಗೆ ಮುಚ್ಚಿಕೊಂಡು ಬಂದ.

ಮರುದಿನ ಅವನು ರುಮಾಲು ಕೊಡ್ರಿ, ಹೊಳೆಗೆ ಒಯ್ದು ತೊಳೀತೀನಿ ಅಂತ ಮಾಸ್ತರರ ಕಾಲು ಹಿಡಿದ.

"ಮಣ್ಣು ನಂದಲ್ಲ, ಅವರದು. ಅವರನ್ನ ಕೇಳ್ಕೊಂಡು ಬಾ."

ಲಗಮಣ್ಣ ನಾಗರಗಾವಿಗೆ ನಡೆದ. ಅಡಿವೆಪ್ಪ ಹಳ್ಳದಲ್ಲಿ ಎಮ್ಮೆ ಮೈ ತೊಳೀತಿದ್ದ. ಎಲ್ಲ ಕೇಳಿಸಿಕೊಂಡು ನಕ್ಕ.

"ತೊಳಿಯೋಣಂತ ಅಣ್ಣಾ. ನಾವು ನಿಮ್ಮನ್ನ ಸೋಲಿಸಿದ ದಿನ ತೊಳಿಯೋಣ. ಅವಸರ ಏನೈತಿ?"

ಆದರೆ ಮಾಸ್ತರರು ಕಟ್ಟಿದ ತಂಡಕ್ಕೆ ಸೋಲೋದೇ ಗೊತ್ತಿರಲಿಲ್ಲ. ಮುಂದಿನ ಹಂಗಾಮಿಗೂ ಗೆದ್ದರು. ಆಚೆ ಹಂಗಾಮಿನಲ್ಲಿ ಲಗಮಣ್ಣ ಬೇಕಂತಲೇ ಚೆಂಡನ್ನು ಅಡ್ಡ ಹೊಡೆದ. ಮಾಸ್ತರರು ಗೆರೆಯಾಚೆಯಿಂದ ಕೂಗಿದರು: "ಸುಳ್ಳು ಸೋಲು ಅವರ ಮೈಗೆ ಮತ್ತೊಂದು ಮಣ್ಣೋ, ಲಗಮ್ಯಾ." ಅವನು ತಲೆ ತಗ್ಗಿಸಿ ಆಡಿದ, ಗೆದ್ದ. ಮಣ್ಣು ಹಿಡಿದ ರುಮಾಲು ಆ ವರ್ಷವೂ ಮುಂದೆ ಮುಂದೆ ನಡೆಯಿತು. ಊರವರು ಬಂಗಾರದ ಕಾಲ ಅನ್ನೋದು ಆ ವರ್ಷಗಳಿಗೇ. ಲಗಮಣ್ಣ ಮಾತ್ರ ಆ ಢಾಲುಗಳ ಕಡೆ ಮುಖ ಎತ್ತಿ ನೋಡಲಿಲ್ಲ ಅಂತಾರೆ.

ಮಾಸ್ತರರು ತೀರಿಕೊಂಡಾಗ ರುಮಾಲು ತಲೆದಿಂಬಿನ ಮಗ್ಗುಲಲ್ಲಿತ್ತು, ಮಣ್ಣು ಹಾಗೇ ಇತ್ತು. ಮುದುಕನಾದ ಮೇಲೂ ಲಗಮಣ್ಣ ಪ್ರತಿ ವರ್ಷ ನಾಗರಗಾವಿಯವರ ಕಡೆ ಕೂತು, ಅವರು ಗೆಲ್ಲಲಿ ಅಂತ ಕೈಮುಗೀತಿದ್ದ.

ಈಗಲೂ ಆ ಆಟದ ದಿನ ಹೊಳಿಮಡಗಿಯ ಹುಡುಗರು ಹೊಳೆಯಿಂದ ಒಂದು ಕೊಡ ನೀರು ಹೊತ್ತು ತಂದು, ರುಮಾಲಿನ ಜೊತೆ ಗೆರೆಯ ಪಕ್ಕ ಇಡುತ್ತಾರೆ. ಆಮೇಲೆ ಜೀವ ಬಿಟ್ಟು ಆಡುತ್ತಾರೆ. ಗೆದ್ದು, ಸೋತವರ ಬೆನ್ನು ಒರೆಸುವಾಗ ನಾಗರಗಾವಿಯವರು ಕೇಳುತ್ತಾರೆ: "ಈ ಸಲಾನೂ ತೊಳಿಯೋದು ಆಗಲಿಲ್ಲಲ್ಲೋ ಅಣ್ಣಾ?"

ಹಲಗೆ ಬಾರಿಸೋದಿಲ್ಲ. ತುಂಬಿದ ಕೊಡವನ್ನು ಹಾಗೇ ಹೊತ್ತುಕೊಂಡು ಊರಿಗೆ ಬರುತ್ತಾರೆ.