ದೊರೆ ಕೇಳಿದ ಕೈಗಳು

ಒಂದಾನೊಂದು ಕಾಲದಲ್ಲಿ, ಬಿಳಿ ದೊರೆಗಳು ಕುದುರೆ ಹತ್ಕೊಂಡು ಊರೂರು ಸುತ್ತುತ್ತಿದ್ದ ಕಾಲ ಅದು ಮಗಾ, ಬಿದಿರಹಳ್ಳ ಅನ್ನೋ ಊರಲ್ಲಿ ಕಾಟಮ್ಮ ಅಂತ ಒಬ್ಬಳು ಇದ್ಲಂತೆ. ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯೋದು ಅವಳ ಕೆಲಸ. ಗಂಡ ತೀರಿಹೋಗಿದ್ದ. ಮೂರು ಜನ ಹೆಣ್ಮಕ್ಕಳು, ಹಿರೇಳು ಮಾದಿ, ನಡುವಿನೋಳು ಕೆಂಪಿ, ಕಿರೇಳು ಬೋರಿ. ಕಾಟಮ್ಮಂಗೆ ಕೋಪ ಮೂಗಿನ ತುದೀಲೇ ಕೂತಿರೋದಂತೆ. ಬುಟ್ಟಿ ಕೊಳ್ಳೋಕೆ ಬಂದೋರು ಜಾಸ್ತಿ ಚೌಕಾಸಿ ಮಾಡಿದ್ರೆ ಬುಟ್ಟೀನ ಅವರ ತಲೆಗೇ ಕವುಚಿ ಕಳಿಸೋಳಂತೆ.

ಆ ವರ್ಷ ಊರ ಕೆರೆ ಏರಿ ಒಡೆದು ನೀರೆಲ್ಲ ಹರಿದುಹೋಯ್ತಂತೆ. ಆಮೇಲೆ ಏರಿ ಕಟ್ಟಿಸೋಕೆ ಅಂತ ಒಬ್ಬ ದೊರೆ ಬಂದು ಕೆರೆ ಅಂಗಳದಲ್ಲಿ ಡೇರೆ ಹಾಕಿದನಂತೆ. ಅವನಿಗೆ ನಮ್ಮ ಮಾತು ಒಂದಕ್ಷರ ಬಾರದು, ನಮ್ಮೋರಿಗೆ ಅವನ ಮಾತು ಬಾರದು. ನಡುವೆ ವೆಂಕಪ್ಪಯ್ಯ ಅಂತ ಒಬ್ಬ ದುಬಾಸಿ, ಅತ್ತಿನ ಮಾತು ಇತ್ತ, ಇತ್ತಿನ ಮಾತು ಅತ್ತ ಹೇಳೋನು. ದೊರೆ ಬಂದ ದಿನವೇ ಕುದುರೆ ಮೇಲಿಂದ ಹ್ಯಾಂಡ್ಸ್, ಹ್ಯಾಂಡ್ಸ್ ಅಂತ ಕೂಗಿದನಂತೆ. ದುಬಾಸಿ ಊರೋರ್ನೆಲ್ಲ ಚಾವಡಿ ಮುಂದೆ ಸೇರಿಸಿ ಏನು ಹೇಳಿದ ಗೊತ್ತಾ? ಹ್ಯಾಂಡು ಅಂದ್ರೆ ಕೈ ಕಣ್ರಪ್ಪ, ದೊರೆಗೆ ಕೈ ಬೇಕಂತೆ, ಮಕ್ಕಳ ಕೈ ಕಡಿದು ಏರಿಗೆ ಬಲಿ ಹಾಕಿದ್ರೇನೇ ನೀರು ನಿಲ್ಲೋದಂತೆ, ನಾನು ಹೇಗೋ ಮಾತಾಡಿ ತಪ್ಪಿಸ್ತೀನಿ, ನೀವು ನನ್ನ ಕಡೆ ಸ್ವಲ್ಪ ನೋಡ್ಕೊಳ್ಳಿ ಅಂದನಂತೆ.

ಏರಿ ಬಲಿ ಕೇಳುತ್ತೆ ಅನ್ನೋ ಮಾತು ಊರಲ್ಲಿ ಮೊದಲೇ ಇತ್ತಲ್ಲ, ಜನ ನಂಬಿಬಿಟ್ರಂತೆ. ಒಬ್ಬ ಕೋಳಿ ತಂದ, ಇನ್ನೊಬ್ಬ ಬೆಲ್ಲ ತಂದ. ಕಾಟಮ್ಮಂಗೆ ಮೊದಲು ನಿನ್ನ ಹಿರೇಳ ಕೈ ಅಂದಿದ್ದನಂತೆ, ಅವಳು ಹಲ್ಲು ಕಡೀತಾ ಕಡೀತಾ ಮನೇಲಿದ್ದ ರಾಗಿ ಮೂಟೆ ಎಳ್ಕೊಂಡ್ಹೋಗಿ ಅವನ ಮುಂದೆ ಕೆಡವಿದ್ಲಂತೆ. ಹೀಗೆ ಮಾದಿ ಕೈ ಉಳೀತು.

ಇತ್ತ ದೊರೆಗೆ ಒಬ್ಬ ಆಳೂ ಬರಲಿಲ್ಲ. ಅವನ ಕುದುರೆ ಸದ್ದು ಕೇಳಿದ್ರೆ ಸಾಕು, ಹೆಂಗಸರು ಮಕ್ಕಳನ್ನ ಕಾಳು ತುಂಬೋ ವಾಡೆಯೊಳಗೆ ಬಚ್ಚಿಡೋರಂತೆ. ಅವನು ಮುಖ ಕೆಂಪಗೆ ಮಾಡ್ಕೊಂಡು ಮತ್ತೆ ಹ್ಯಾಂಡ್ಸ್ ಅಂತ ಅರಚಿದ. ದುಬಾಸಿ ಮತ್ತೆ ಬಂದ, ದೊರೆಗೆ ಸಿಟ್ಟು ಬಂದಿದೆ ಕಾಟಮ್ಮ, ಈ ಸಲ ನಡುವಿನೋಳ್ದು ಅಂದ. ಕಾಟಮ್ಮ ಮನೆ ಮೇಕೆನ ಹಗ್ಗ ಸಮೇತ ಕೊಟ್ಲಂತೆ. ಆ ಮೇಕೆ ಹಾಲಲ್ಲೇ ಬೋರಿ ಬೆಳೆದಿದ್ದು.

ಆಮೇಲೆ ಮೂರನೇ ಸಲ ಬಂದನಂತೆ ಆ ಪುಣ್ಯಾತ್ಮ. ಕೊಡೋಕೆ ಏನಿದೆ? ಮನೇಲಿ ಬರೀ ಬಿದಿರು. ದುಬಾಸಿ ಬಗ್ಗಿ ಮನೆಯೊಳಗೆಲ್ಲ ಇಣುಕಿ ನೋಡಿ, ಏನೂ ಇಲ್ಲ ಅಂದ್ರೆ ನಾನೇನು ಮಾಡ್ಲಿ, ಬೆಳಿಗ್ಗೆ ಕಿರೇಳನ್ನ ಕರ್ಕೊಂಡು ಬಾ ಅಂತ ಹೇಳಿ ಹೊರಟೇ ಹೋದನಂತೆ.

ಬೆಳಿಗ್ಗೆ ಕಾಟಮ್ಮ ಎದ್ದು ನೋಡ್ತಾಳೆ, ಬೋರಿ ಹಿತ್ತಲಲ್ಲಿ ಕೂತ್ಕೊಂಡು ಎಡಗೈಗೆ ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳೀತಿದ್ದಾಳಂತೆ. ಏನು ಮಾಡ್ತಿದ್ದೀಯೇ ಅಂದ್ರೆ,

“ಎಡಗೈ ಕೊಟ್ಬಿಡ್ತೀನಿ ಕಣವ್ವ. ಉಣ್ಣೋಕೆ ಬಲಗೈ ಬೇಕಲ್ಲ. ಬುಟ್ಟಿ ಹೆಣೆಯೋವಾಗ ಕೆಂಪಕ್ಕ ಒಂದು ತುದಿ ಹಿಡ್ಕೊಂಡ್ರೆ ಸಾಕು” ಅಂದ್ಲಂತೆ.

ಅಷ್ಟೇ ನೋಡು. ಕಾಟಮ್ಮಂಗೆ ಅಂಗಾಲಿನಿಂದ ನೆತ್ತಿವರೆಗೂ ಉರಿ ಹತ್ಕೊಂಡು, ಅಳುಬುರುಕಿ ಥರ ಕೂರ್ಲಿಲ್ಲ ಅವಳು, ಒಂದು ಕೈಲಿ ಬಿದಿರು ಸೀಳೋ ಮಚ್ಚು ಹಿಡಿದು, ಇನ್ನೊಂದು ಕೈಲಿ ಬೋರಿನ ಹಿಡಿದು, ದಡದಡ ಕೆರೆ ಅಂಗಳಕ್ಕೆ ನಡೆದ್ಲಂತೆ. ದುಬಾಸಿ ಓಡಿ ಬಂದು, ಒಳಗೆ ಹೋಗಬಾರ್ದು, ನಾನು ಹೇಳ್ತೀನಿ ಇರು ಅಂತ ಅಡ್ಡ ನಿಂತ. ಮಚ್ಚು ನೋಡಿ ಪಕ್ಕಕ್ಕೆ ಸರಿದ. ಡೇರೆ ಮುಂದೆ ದೊರೆ ತಿಂಡಿ ತಿಂತಾ ಕೂತಿದ್ದ. ಕಾಟಮ್ಮ ಅವನ ತಟ್ಟೆ ಅತ್ತ ತಳ್ಳಿ, ಮಗಳ ಎಡಗೈನ ಮೇಜಿನ ಮೇಲಿಟ್ಟು, ಮಚ್ಚನ್ನ ಅವನ ಕೈಗೇ ತುರುಕಿದ್ಲಂತೆ.

“ಹ್ಯಾಂಡು ಬೇಕಾ ಹ್ಯಾಂಡು? ತಗೋ! ನೀನೇ ಕಡಿ! ನನ್ನ ಕಣ್ಣೆದುರಿಗೇ ಕಡಿ!”

ದೊರೆ ಮುಖ ಸುಣ್ಣದ ಹಾಗಾಯ್ತಂತೆ. ಮಚ್ಚನ್ನ ಬಿಸಾಕಿ, ನೋ ನೋ ಅಂತ ಎರಡೂ ಕೈ ಆಡಿಸಿದನಂತೆ. ಬೋರಿಯ ತೊಳೆದ ಕೈ ನೋಡಿದ. ಆಮೇಲೆ ಏನೋ ಹೊಳೆದೋನ ಹಾಗೆ ಓಡಿಹೋಗಿ ಗುದ್ದಲಿ ತಂದು ನೆಲ ಅಗೆದು, ಬುಟ್ಟಿಗೆ ಮಣ್ಣು ತುಂಬಿ, ತನ್ನ ತಲೆ ಮೇಲೇ ಇಟ್ಕೊಂಡು, ಒಡೆದ ಏರಿ ಕಡೆ ತೋರಿಸಿ, ಎದೆ ಮುಟ್ಕೊಂಡು ಹ್ಯಾಂಡ್ ಅಂದನಂತೆ. ಕುದುರೆ ತೊಳೀತಿದ್ದ ತನ್ನ ಆಳನ್ನ ತೋರಿಸಿ ಹ್ಯಾಂಡ್ ಅಂದನಂತೆ.

ಕಾಟಮ್ಮ ನಿಧಾನಕ್ಕೆ ದುಬಾಸಿ ಕಡೆ ತಿರುಗಿ, ಹ್ಯಾಂಡು ಅಂದ್ರೆ ಆಳೇನೋ ಅಂದ್ಲು. ಅವನು ತೊದಲ್ತಾ, ಆ ಮಾತಿಗೆ ಸುಮಾರು ಅರ್ಥ ಇವೆ ತಾಯಿ, ಕೈ ಅಂತ್ಲೂ ಆಗುತ್ತೆ, ಆಳು ಅಂತ್ಲೂ ಆಗುತ್ತೆ, ನೆರವು ಅಂತ್ಲೂ, ಬರವಣಿಗೆ ಅಂತ್ಲೂ ಆಗುತ್ತೆ, ಏನೋ ಬಾಯಿತಪ್ಪಿ ಬಂತು ಅಂದನಂತೆ.

“ನಮ್ಮ ಕೈಗೇನು ಒಂದೇ ಅರ್ಥವೇನೋ? ಮದುವೇಲಿ ಕೈ ಹಿಡಿ ಅಂತೀವಿ. ಸಾರು ರುಚಿಯಾದ್ರೆ ಕೈಗುಣ ಅಂತೀವಿ. ನಂಬಿದೋನು ಮೋಸ ಮಾಡಿದ್ರೆ ಕೈ ಕೊಟ್ಟ ಅಂತೀವಿ. ಯಾವತ್ತಾದ್ರೂ ಯಾರಾದ್ರೂ ಮಚ್ಚು ತಂದಿದ್ರಾ? ನೀನು ಅರ್ಥ ತಿಳೀದೆ ತಪ್ಪು ಮಾಡ್ಲಿಲ್ಲ ಕಣೋ. ಎಲ್ಲ ತಿಳಿದೂ ಹೆದರಿಸೋದನ್ನೇ ಆರಿಸ್ಕೊಂಡೆ!”

ಅಂತ ಹೇಳಿ ಕೈ ಎತ್ತಿದ್ಲು. ಆ ಕೈಗೆ ಮಾತ್ರ ಒಂದೇ ಅರ್ಥ. ದುಬಾಸಿ ಪೇಟ ಹಾರಿ ಮಣ್ಣಿಗೆ ಬಿತ್ತಂತೆ.

ಆಮೇಲೆ ದೊರೆ ತೋಳು ಹಿಡಿದು ದರದರ ಎಳ್ಕೊಂಡ್ಹೋಗಿ ಪಕ್ಕದಲ್ಲೇ ಇದ್ದ ದುಬಾಸಿ ಡೇರೆ ಪರದೆ ಕಿತ್ತು ತೋರಿಸಿದ್ಲಂತೆ. ಊರೋರ ರಾಗಿ ಮೂಟೆ, ಬೆಲ್ಲದ ಅಚ್ಚು, ಕಾಲು ಕಟ್ಟಿದ ಕೋಳಿ, ಒಣಗೋಕೆ ಹರಡಿದ್ದ ಅವಳ ಮೇಕೆ ಚರ್ಮ. ಚರ್ಮ ನೋಡಿ ಬೋರಿ ಗೊಳೋ ಅಂತ ಅತ್ತಳು. ದೊರೆಗೆ ಅದನ್ನ ಬಿಡಿಸಿ ಹೇಳೋಕೆ ಯಾವ ದುಬಾಸಿಯೂ ಬೇಕಾಗ್ಲಿಲ್ಲ. ಆದ್ರೆ ಕಾಟಮ್ಮ ದೊರೆನೂ ಬಿಡಲಿಲ್ಲವಂತೆ.

“ಇಷ್ಟು ದಿನದಿಂದ ನಮ್ಮೂರ ನೀರು ಕುಡೀತಿದ್ದೀಯ, ನಮ್ಮ ಮಾತು ಒಂದಾದ್ರೂ ಕಲೀಬಾರ್ದಿತ್ತಾ? ಕುದುರೆ ಮೇಲಿಂದ ಅರಚೋದೊಂದೇ ಗೊತ್ತಾ? ಹೇಳೋ ವೆಂಕಪ್ಪಯ್ಯ, ಒಂದಕ್ಷರ ಬಿಡದೆ ಹೇಳು!”

ಪಾಪ, ದುಬಾಸಿ ಕೆನ್ನೆ ಹಿಡ್ಕೊಂಡೇ ಹೇಳಿದನಂತೆ. ದೊರೆ ತಲೆ ತಗ್ಗಿಸಿದನಂತೆ.

ಮಾರನೇ ದಿನ ದೊರೆ ಕುದುರೆ ಬಿಟ್ಟು ನಡ್ಕೊಂಡೇ ಊರಿಗೆ ಬಂದು, ಹೊಸದಾಗಿ ಕಲಿತಿದ್ದ ಮಾತು ಹೇಳಿದನಂತೆ, ಹಾಲು ಬೇಕು, ಹಾಲು ಬೇಕು ಅಂತ. ಜನ ಚೊಂಬು ಚೊಂಬು ಹಾಲು ತಂದಿಟ್ರಂತೆ! ಆಳು ಬೇಕು ಅನ್ನೋದು ಅವನ ನಾಲಿಗೇಲಿ ಹಾಗಾಗಿತ್ತು ಮಗಾ. ನಗು, ನಗು. ಊರೆಲ್ಲ ನಕ್ಕಿತಂತೆ, ಕಾಟಮ್ಮ ಒಬ್ಬಳು ನಗಲಿಲ್ಲ.

ಆಮೇಲೆ ರಾಗಿ ರಾಗಿಯೋರಿಗೆ, ಕೋಳಿ ಕೋಳಿಯೋರಿಗೆ ವಾಪಸ್ ಹೋಯ್ತು. ತಿಂದ ಮೇಕೆ ಎಲ್ಲಿಂದ ಬರುತ್ತೆ? ಅದಕ್ಕೆ ಏರಿ ಮುಗಿಯೋವರೆಗೂ ದುಬಾಸಿ ಕೂಲಿ ಇಲ್ಲದೆ ಮಣ್ಣು ಹೊರಬೇಕು ಅಂತ ಆಯ್ತಂತೆ. ಒಂದು ದಿನ ಬುಟ್ಟಿ ಇಳಿಸಿ, ಕಾಟಮ್ಮನ ಕಾಲಿಗೆ ಬಿದ್ದು, ತಪ್ಪಾಯ್ತು ತಾಯಿ, ಹೊಟ್ಟೆಗೆ ಹಾಕ್ಕೋ ಅಂದನಂತೆ. ಅವಳು ಬಿದಿರು ಸೀಳೋದು ನಿಲ್ಲಿಸದೆ, “ನನ್ನ ಹೊಟ್ಟೆ ಅಷ್ಟು ದೊಡ್ಡದಲ್ಲ, ಏಳು, ಮಣ್ಣು ಹೊರು” ಅಂದ್ಲಂತೆ.

ಏರಿ ನಿಂತಿತು, ಮಳೆ ಬಂತು, ಕೆರೆ ತುಂಬಿ ಕೋಡಿ ಹರೀತು. ಏರಿಗೆ ಬೇಕಾದ ಬುಟ್ಟಿ ಎಲ್ಲ ಹೆಣೆದು, ಅದರ ಕೂಲೀಲಿ ಕಾಟಮ್ಮ ಎರಡು ಮೇಕೆ ತಂದ್ಲಂತೆ. ತಾಯಿ ಮಕ್ಕಳು ಹೊಟ್ಟೆ ತುಂಬ ಉಂಡ್ಕೊಂಡು ನೆಮ್ಮದಿಯಾಗಿದ್ರಂತೆ. ಅಲ್ಲಿಗೆ ಕತೆ ಮುಗೀತು ಕಣೋ, ಮಗ್ಗಲು ತಿರುಗಿ ಮಲ್ಕೋ.