ಗೂಬೆರಾಯನ ಉಪಚಾರ

"ಅಣ್ಣಾ, ಕೆರೆಗೆ ಯಾವ ಕಡೆ ಹೋಗಬೇಕು?" ಗುಂಪು ತಪ್ಪಿದ ಕೊಕ್ಕರೆ ಹಾರುತ್ತಲೇ ಕೇಳಿದಳು. ಪೊಟರೆಯಿಂದ ಇಣುಕಿದವನು ರಾತ್ರಿ ಅವಳಿಗೆ ಜಾಗ ಕೊಟ್ಟಿದ್ದ ಗೂಬೆರಾಯನೇ.

"ಮತ್ತೆ ಇಲ್ಲಿಗೇ ಬಂದೆಯಾ? ಬೆಳಗಿನವರೆಗೂ ಮಲಗಿದ್ದೆಯಲ್ಲ ತಾಯಿ!"

"ಮಲಗಿದ್ದೆ. ಕಣ್ಣು ಹತ್ತಿದಾಗಲೆಲ್ಲ 'ನಿದ್ದೆ ಬಂತಾ?' ಅಂತ ಎಬ್ಬಿಸಿದವನು ನೀನು. ದೇಶದೇಶ ಸುತ್ತಿದವಳಿಗೆ ಈಗ ಮೂಡಣ ಯಾವುದು, ಪಡುವಣ ಯಾವುದು ತಿಳಿಯುತ್ತಿಲ್ಲ. ಗುಂಪು ನನ್ನ ಬಿಟ್ಟು ಹೋಯಿತು!"

"ಉಪಚಾರ ಮಾಡಿದ್ದೂ ತಪ್ಪಾ? ತುಂಡು ತುಂಡಾದರೂ ನಿದ್ದೆ ನಿದ್ದೆಯೇ," ಎಂದು ಗೂಬೆರಾಯ ಆಕಳಿಸಿ ಕಣ್ಣು ಮುಚ್ಚಿದ.

ಕೊಕ್ಕರೆ ಪೊಟರೆಯ ಪಕ್ಕದ ಕೊಂಬೆಯಲ್ಲೇ ಕೂತಳು. ಅವನಿಗೆ ಜೊಂಪು ಹತ್ತಿದಾಗಲೆಲ್ಲ ಕೊಕ್ಕಿನಿಂದ ತಿವಿದು, "ಅಣ್ಣಾ, ನಿದ್ದೆ ಬಂತಾ?" ಎಂದಳು.

ಸಂಜೆ ಬೇಟೆಗಿಳಿದ ಗೂಬೆರಾಯ ಎದುರಿಗಿದ್ದ ಇಲಿಯನ್ನು ಬಿಟ್ಟು ಪಕ್ಕದ ಕಲ್ಲಿನ ಮೇಲೆ ಎರಗಿದ.

"ನಿನ್ನ ಉಪಚಾರದ ಸಾಲ ತೀರಿತು," ಎಂದಳು ಕೊಕ್ಕರೆ.